ಅತ್ತೆಯ ಹಂಡೆ, ನನ್ನ ಬಿಸಿನೀರು

ನಮ್ಮ ಅತ್ತೆ ವಿರೂಪಾಕ್ಷಮ್ಮನ ಕೈಗೆ ಸಿಕ್ಕ ನೀರು ಒಂದೇ ಕೆಲಸಕ್ಕೆ ಮುಗಿಯುವುದಿಲ್ಲ. ಅಕ್ಕಿ ತೊಳೆದ ನೀರು ಮೆಂತ್ಯ ಸೊಪ್ಪಿಗೆ, ಸೊಪ್ಪು ತೊಳೆದದ್ದು ದಾಸವಾಳದ ಬುಡಕ್ಕೆ, ಪಾತ್ರೆ ತೊಳೆದ ಮುಸುರೆ ಹಿತ್ತಲಿನ ಹಂಡೆಗೆ, ಹಂಡೆಯದು ಎಮ್ಮೆಗೆ. ಅವರ ತವರು ಕುಷ್ಟಗಿ ಕಡೆಯ ಹಳ್ಳಿ. ಹುಡುಗಿಯಾಗಿದ್ದಾಗ ಬಾವಿಯ ತಳಕ್ಕಿಳಿದು, ನೀರು ಊರುವವರೆಗೆ ಕಾದು, ತೆಂಗಿನ ಚಿಪ್ಪಿನಲ್ಲಿ ತೋಡಿ ಕೊಡ ತುಂಬುತ್ತಿದ್ದರಂತೆ. ತಳಕಲ್ಲು ಎಂಬ ಈ ಊರಿಗೆ ಸೊಸೆಯಾಗಿ ಬಂದಮೇಲೆ ನಳ ಬಂತು. ಆದರೆ ನಳದ ಮೇಲೆ ಅತ್ತೆಗೆ ಇವತ್ತಿಗೂ ನಂಬಿಕೆಯಿಲ್ಲ. “ಅದರ ಮನಸಿಗೆ ಬಂದಾಗ ಬರ್ತೈತಿ, ಅಷ್ಟಽ” ಎನ್ನುತ್ತಾರೆ.

ನಾನು ಹುಬ್ಬಳ್ಳಿಯವಳು. ತಿರುವಿದರೆ ನೀರು ಬರುತ್ತದೆ ಎಂದು ತಿಳಿದೇ ಬೆಳೆದವಳು. ಗಂಡ ಶರಣಕುಮಾರ ಕೊಪ್ಪಳದ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಹಗಲೆಲ್ಲ ಮನೆಯಲ್ಲಿ ನಾನು, ಅತ್ತೆ ಮತ್ತು ಮಗಳು ಅಮೃತಾ. ಬಾಣಂತನ ಮುಗಿಸಿ ನನ್ನನ್ನು ಕಳಿಸಲು ಬಂದ ಅಪ್ಪ ತೊಟ್ಟಿಲಿನ ಜೊತೆ ಪಾತ್ರೆ ತೊಳೆಯುವ ಮಷೀನನ್ನೂ ಟೆಂಪೋದಿಂದ ಇಳಿಸಿದ್ದರು. ಹಸಿಮೈಯ ಮಗಳು ತಣ್ಣೀರಲ್ಲಿ ಕೈ ಆಡಿಸಬಾರದು ಎಂಬುದು ಅವರ ಚಿಂತೆ. ಪಕ್ಕದ ಮನೆಯ ಅಮರಮ್ಮ ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು.

“ಏನವಾ ವಿರೂಪಾಕ್ಷವ್ವ, ಸೊಸಿ ಹಿಂದ ಇನ್ನೊಬ್ಬಾಕಿ ಸೊಸಿ ಬಂದಾಳಲ್ಲ!”

“ಬರಲಿ ಬಿಡವಾ. ಇಕಿ ಎದುರು ಮಾತರ ಆಡಂಗಿಲ್ಲ.”

ನಾನೂ ನಕ್ಕೆ. ಆಗ ನಗುವಷ್ಟು ನೆಮ್ಮದಿ ಇತ್ತು.

ಅಮೃತಾ ಅಂಬೆಗಾಲಿಡಲು ಕಲಿತ ಮೇಲೆ ಅವಳ ಹೊಟ್ಟೆ ಕೆಡತೊಡಗಿತು. ಭೇದಿ ನಿಲ್ಲುತ್ತಿತ್ತು, ಮಗು ಎರಡು ತುತ್ತು ತಿಂದು ಮೈ ಹಿಡಿಯುವಷ್ಟರಲ್ಲಿ ಮತ್ತೆ ಶುರುವಾಗುತ್ತಿತ್ತು. ಕೊಪ್ಪಳದ ಡಾಕ್ಟರು ಔಷಧ ಬರೆದು, “ಪಾತ್ರೆ ಎಲ್ಲಾ ಚೆನ್ನಾಗಿ ಬಿಸಿನೀರಿನಲ್ಲಿ ತೊಳೀರಿ” ಎಂದು ಹೇಳಿ ಮುಂದಿನವರನ್ನು ಕರೆದರು. ಅವರು ಹೇಳಿ ಮರೆತರು, ನಾನು ಆ ಮಾತನ್ನು ಹಿಡಿದು ಕೂತೆ. ಮಗುವಿನ ಬಟ್ಟಲು ಚಮಚಗಳನ್ನು ಒಲೆಯ ಮೇಲೆ ಕುದಿಸುತ್ತಿದ್ದೆ. ಆದರೆ ಅವಳು ತನ್ನ ಬಟ್ಟಲಿಗೆ ನಿಲ್ಲುವವಳೇ? ಅಪ್ಪನ ಲೋಟ ಅವಳಿಗೆ ಬೇಕು, ಅಜ್ಜಿಯ ಜೊತೆ ಕೂತು ಅವರ ಊಟದ ಗಂಗಾಳದಲ್ಲೇ ಉಣ್ಣಬೇಕು. ಮನೆಯ ಅಷ್ಟೂ ಪಾತ್ರೆ ಕುದಿಸಲು ನನಗೆಷ್ಟು ಕೈಗಳಿವೆ? ಮಷೀನು ಇದೆಯಲ್ಲ ಎಂದು ಧೈರ್ಯ ಮಾಡಿಕೊಂಡಿದ್ದೆ.

ಒಂದು ದಿನ ಅದು ನಿಂತ ಕೂಡಲೇ ಬಾಗಿಲು ತೆರೆದೆ. ಹಬೆ ಬರಲಿಲ್ಲ. ಗಂಗಾಳ ಮುಟ್ಟಿದರೆ ತಣ್ಣಗೆ, ಅಂಚಿನಲ್ಲಿ ತುಪ್ಪದ ಜಿಡ್ಡು, ಸೋಪಿನ ಪುಡಿ ಅರ್ಧ ಕರಗದೆ ಮುದ್ದೆಯಾಗಿ ಕೂತಿತ್ತು. ಮತ್ತೊಮ್ಮೆ ಹಚ್ಚಿ, ನಡುವೆ ನಿಲ್ಲಿಸಿ, ತಳದ ನೀರಿಗೆ ಜ್ವರ ನೋಡುವ ಥರ್ಮಾಮೀಟರನ್ನೇ ಇಟ್ಟೆ. ಹಿಂದಿನ ವಾರ ಮಗುವಿಗಿದ್ದಷ್ಟು ಜ್ವರವೂ ಆ ನೀರಿಗೆ ಇರಲಿಲ್ಲ.

ಅಲ್ಲಿಂದ ನನಗೆ ಅದೇ ಧ್ಯಾನ. ಕಂಪನಿಗೆ ಫೋನ್ ಮಾಡಿದರೆ ಕನ್ನಡಕ್ಕೆ ಎರಡು ಒತ್ತಿ ಎನ್ನುತ್ತಿತ್ತು, ಒತ್ತಿದರೆ ಹಾಡು ಹಾಕುತ್ತಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ಜಾಲರಿ ತೊಳೆದೆ. ನಳಕ್ಕೆ ಬರುವ ಬೋರಿನ ಗಡಸು ನೀರಿಗೆ ಹೀಟರಿನ ಮೇಲೆ ಸುಣ್ಣ ಕಟ್ಟಿರಬಹುದೆಂದು ನಿಂಬೆ ಉಪ್ಪು ಹಾಕಿ ಖಾಲಿ ಓಡಿಸಿದೆ. ಏನೂ ಆಗಲಿಲ್ಲ.

ಕೊನೆಗೆ ಗೀಸರು, ಫ್ರಿಜ್ಜು ರಿಪೇರಿ ಮಾಡುವ ಹುಸೇನಬಾಷಾನನ್ನು ಇವರು ಕೊಪ್ಪಳದಿಂದ ಕಳಿಸಿದರು. ಅವನು ಹಿಂಬದಿ ಬಿಚ್ಚಿ, ಮೀಟರು ಹಿಡಿದು ನೋಡಿ, “ಹೀಟರ್ ಛಲೋ ಐತ್ರಿ ಅಕ್ಕಾರ. ಹಚ್ಚಿ ನೋಡೂಣು” ಎಂದ. ಹಚ್ಚಿದ. ಅತ್ತೆ ಚಹಾ ತಂದುಕೊಟ್ಟರು. ಮಷೀನು ನಿಂತಾಗ ಬಾಗಿಲು ತೆಗೆದರೆ ಮುಖಕ್ಕೆ ಹಬೆ ರಾಚಿತು.

ಅವನು ಹೋದ ಮಾರನೆಯ ದಿನ ಮತ್ತೆ ತಣ್ಣಗೆ. ಕರೆಸಿದೆ. ಬಂದ, ಹಚ್ಚಿದ, ಹಬೆ!

“ನನ್ನ ಕಂಡ್ರ ಇದಕ್ಕ ಅಂಜಿಕಿ ಬರ್ತೈತಿ ಕಾಣ್ತೈತ್ರಿ ಅಕ್ಕಾರ. ನನ್ನದೊಂದು ಫೋಟೋ ತೂಗು ಹಾಕಿಬಿಡ್ರಿ” ಎಂದು ನಗುತ್ತ ಸ್ಕ್ರೂ ಬಿಗಿದ. ನನಗೆ ಅಳು ಬರುವುದೊಂದು ಬಾಕಿ. ಇವರೂ ಸಂಜೆ ನನ್ನನ್ನು ಒಂದು ನಮೂನೆ ನೋಡಿ, “ನೀ ಸ್ವಲ್ಪ ನಿದ್ದಿ ಮಾಡು” ಎಂದರು.

ಮತ್ತೆ ಭೇದಿ ಶುರುವಾಯಿತು. ಮಧ್ಯಾಹ್ನ, ಅಳುವ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅವಳ ಬಟ್ಟೆ ಒಣಹಾಕಲು ಹಿತ್ತಲಿಗೆ ಇಳಿದೆ. ಒಳಗೆ ಮಷೀನು ಗುಂಯ್‌ಗುಡುತ್ತಿತ್ತು. ಮೆಟ್ಟಿಲ ಕೆಳಗೆ ಅತ್ತೆಯ ಹಂಡೆ, ಅದರೊಳಗೆ ಒಂದು ಬೂದು ಪೈಪು. ಪೈಪಿನಿಂದ ನೀರು ಸಣ್ಣಗೆ, ನಿಲ್ಲದೆ ಸುರಿಯುತ್ತಿತ್ತು. ಅಡುಗೆಮನೆಯ ಸಿಂಕಿನ ಅಂಚಿಗೆ ಸಿಕ್ಕಿಸಿರಬೇಕಾದ ಮಷೀನಿನ ಪೈಪು ಅದು. ಮಷೀನಿನ ಹಿಂದಿನಿಂದಲೇ ಕಿಟಕಿ ದಾಟಿದ್ದರಿಂದ ಒಳಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ಅತ್ತೀ, ಇದು ಇಲ್ಲಿಗ್ಯಾಕ ಬಂತ್ರಿ?”

“ನಾನಽ ಬಿಟ್ಟೀನಿ ದಾನವ್ವ, ಕಿಡಕ್ಯಾಗಿಂದ. ಈಗೀಗ ನಳ ಕಡಿಮಿ ಆತಲ್ಲ, ಸುಮ್ಮನ ಗಟಾರಕ್ಕ ಯಾಕ ಹೋಗಬೇಕು ಅಂತ. ಎಮ್ಮಿ ಮೂಸಿ ನೋಡಿ ಮಾರಿ ತಿರುವಿತು, ಕುಡೀಲಿಲ್ಲ. ಅದರ ಮೇವಿನ ಗ್ವಾದಲಿ ತೊಳ್ಯಾಕರ ಆಗ್ತೈತಿ.”

“ಹುಸೇನಬಾಷಾ ಬಂದಾಗ ಇರಲಿಲ್ಲಲ್ರಿ?”

“ಹೊರಗಿನವರು ಬರ್ತಾರಂದ್ರ ಹಿತ್ತಲ ಹಸನ ಇರಬೇಕಲ್ಲವಾ. ಮುಸುರಿ ಹಂಡೆ ಕಂಡ್ರ ಏನಂದಾರು? ಅದನ್ನ ಸರಿಸಿ, ಪೈಪು ಎತ್ತಿ ಸಿಂಕಿನ್ಯಾಗ ಹಾಕ್ತಿದ್ನಿ.”

ಅಲ್ಲೇ ನಿಂತು ಅವನಿಗೆ ಫೋನ್ ಮಾಡಿದೆ. ಅವನು “ಅಯ್ಯಽ ಅಕ್ಕಾರ!” ಎಂದು ಕೂಗಿದ. ಪೈಪಿನ ಬಾಯಿ ಮಷೀನಿಗಿಂತ ಕೆಳಗೆ ಬಿದ್ದರೆ ಒಳಗಿನ ನೀರು ತಾನೇ ಜಗ್ಗಿಕೊಂಡು ಹೊರಗೆ ಹರಿಯುತ್ತಿರುತ್ತದಂತೆ. ಮಷೀನು ಪಾಪ, ನೀರು ಕಡಿಮೆಯಾಯಿತೆಂದು ಮತ್ತೆ ತಣ್ಣೀರು ತುಂಬಿಕೊಳ್ಳುತ್ತದೆ. ಕಾಯುವುದಕ್ಕೆ ನೀರು ನಿಂತರೆ ತಾನೇ?

ಫೋನ್ ಇಟ್ಟು, “ನಿಮ್ಮ ಹಂಡೇದ ಸಲುವಾಗಿ ಅತ್ತೀ, ಕೂಸು…” ಎಂದೆ.

ಅತ್ತೆ ಮಗುವಿನ ಮುಖ ನೋಡಿದರು. “ಹೌದನವಾ? ಅದಕ್ಕಽ ಹಿಂಗಾಗಾಕತ್ತೈತೇನು?”

ವಾದಿಸಲು ಕೇಳಿದ್ದಲ್ಲ ಅದು, ತಿಳಿಯಲು ಕೇಳಿದ್ದು. ನಾನು ಹೌದು ಎಂದುಬಿಟ್ಟೆ.

ಪೈಪು ಸಿಂಕಿಗೆ ಮರಳಿತು. ಪಾತ್ರೆಗಳು ಕೈ ಸುಡುವಷ್ಟು ಬಿಸಿಯಾಗಿ ಬರತೊಡಗಿದವು. ಭಾನುವಾರ ಇವರು ಸಿಂಕಿನ ಕೆಳಗಿನ ಪೈಪನ್ನೇ ಕೊಯ್ದು ಹಂಡೆಯ ಕಡೆಗೆ ತಿರುಗಿಸಿ ಕೊಟ್ಟರು. ನೀರು ಸಿಂಕಿಗೆ ಬಿದ್ದು ಆಮೇಲೆ ಹಂಡೆಗೆ ಇಳಿದರೆ ಮಷೀನಿಗೆ ತೊಂದರೆಯಿಲ್ಲ ಎಂದು ಹುಸೇನಬಾಷಾ ಹೇಳಿದ್ದ. ಮಷೀನಿಗೆ ಬಿಸಿ ಸಿಕ್ಕಿತು, ಅತ್ತೆಗೆ ನೀರು ಸಿಕ್ಕಿತು, ಮಗುವಿನ ಭೇದಿಯೂ ನಿಂತಿತು. ನಾನು ಒಂದು ರಾತ್ರಿ ಪೂರ್ತಿ ಮಲಗಿದೆ.

ಅತ್ತೆ ಮಾತ್ರ ಬದಲಾದರು. ಮೊಮ್ಮಗಳು ತಮ್ಮ ಗಂಗಾಳಕ್ಕೆ ಕೈ ಹಾಕಬಾರದೆಂದು ಅವಳು ಮಲಗಿದ ಮೇಲೆ ಉಣ್ಣತೊಡಗಿದರು, ಅದೂ ಗೋಡೆಗೆ ಮುಖ ಮಾಡಿ. ಎತ್ತಿಕೊಳ್ಳುವ ಮುನ್ನ ಕೈ ತೊಳೆಯುತ್ತಿದ್ದರು, ತೊಳೆದು ನನಗೆ ತೋರಿಸುತ್ತಿದ್ದರು. ಬೇಡ ಅತ್ತೀ ಎನ್ನಲು ನನಗೆ ಬಾಯಿ ಬರಲಿಲ್ಲ. ತೊಳೆದರೆ ಒಳ್ಳೆಯದೇ ಅಲ್ಲವೇ ಎಂದೂ ಒಳಗೊಳಗೆ ಅನಿಸುತ್ತಿತ್ತು.

ಹೀಗೆ ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಅಮೃತಾಳ ಬಟ್ಟೆ ಬಿಚ್ಚಿದೆ. ಮತ್ತೆ ಅದೇ.

ಅವಳನ್ನು ಎತ್ತಿಕೊಂಡೇ ಓಡಿಹೋಗಿ ಮಷೀನಿನ ಬಾಗಿಲು ತೆಗೆದೆ. ಹಬೆ ಬಂತು. ಪೈಪು ಸಿಂಕಿನ ಅಂಚಿಗೇ ಇತ್ತು, ನಾನೇ ದಾರದಿಂದ ಕಟ್ಟಿದ್ದೆ. ಗಂಗಾಳ ಬೆರಳು ಸುಟ್ಟಿತು. ಎಲ್ಲ ಸರಿಯಾಗಿತ್ತು. ಎಲ್ಲ ಸರಿಯಾಗಿರುವುದನ್ನು ಕಂಡು ಮಷೀನಿನ ಮುಂದೆಯೇ ನೆಲಕ್ಕೆ ಕೂತೆ. ಇನ್ನು ಏನನ್ನು ಬಿಚ್ಚಿ ನೋಡಲಿ, ಯಾರಿಗೆ ಫೋನ್ ಮಾಡಲಿ?

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. “ನಾ ಏನೂ ಮುಟ್ಟಿಲ್ಲವಾ ದಾನವ್ವ,” ಎಂದರು. “ಖರೇನ ಮುಟ್ಟಿಲ್ಲ.”

ಆ ದನಿ ಕೇಳಬಾರದಿತ್ತು ನಾನು. ಎದ್ದು ಹೋಗಿ ಮಗುವನ್ನು ಅವರ ಕೈಗೆ ಕೊಟ್ಟೆ. “ಹಿಡೀರಿ ಅತ್ತೀ.”

“ಕೈ ತೊಳಕೊಂಡು ಬರ್ತೀನಿ ತಡಿ…”

“ಹಿಡೀರಿ.”

ಅವರು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಅವಳನ್ನು ತೊಡೆಗೆ ಹಾಕಿಕೊಂಡರು. ಬಳಲಿದ್ದ ಮಗು ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿತು. ನಾನು ಉಪ್ಪು ಸಕ್ಕರೆಯ ನೀರು ಕಲಸಿ ತಂದೆ. ಚಮಚ ಚಮಚವಾಗಿ ತುಟಿಗೆ ಹಿಡಿದೆವು, ಒಮ್ಮೆ ಅವರು, ಒಮ್ಮೆ ನಾನು. ಯಾಕೆ ಹೀಗಾಗುತ್ತಿದೆ ಎಂದು ಕೇಳಿದೆ. “ನನಗೂ ತಿಳಿವಲ್ದು ನನ್ನವ್ವ” ಎಂದರು. ಇವರು ಬಸ್ಸಿನಿಂದ ಇಳಿದು ಬರುವವರೆಗೆ, ಡಾಕ್ಟರ ಬಳಿ ಹೋಗುವವರೆಗೆ, ನಾವಿಬ್ಬರೂ ಮಾಡಬಹುದಾದದ್ದು ಅಷ್ಟೇ ಇತ್ತು.

ಬೆಳಗಿನ ಪಾತ್ರೆಗಳನ್ನು ಮತ್ತೊಂದು ಸಲ ತೊಳೆಯಲೆಂದು ನಾನು ಹಚ್ಚಿದ್ದ ಮಷೀನು ನೀರು ಹೊರಹಾಕತೊಡಗಿತು. ಸಿಂಕಿನಲ್ಲಿ ಸುರಿದು, ಪೈಪಿನಲ್ಲಿ ಇಳಿದು, ಹಿತ್ತಲಲ್ಲಿ ಹಂಡೆಗೆ ಬೀಳುವ ಸದ್ದು. ಈ ಗಡಿಬಿಡಿಯಲ್ಲಿ ಅಂದು ಹಂಡೆಯನ್ನು ಯಾರೂ ಖಾಲಿ ಮಾಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು. ತುಂಬಿ, ಕಂಠದಿಂದ ಉಕ್ಕಿ, ಕಲ್ಲಿನ ಮೇಲೆ ಹರಿಯುತ್ತಿತ್ತು.

ಅತ್ತೆಯ ಕಿವಿ ಅತ್ತ ಹೋದದ್ದು ನನಗೆ ಕಂಡಿತು. ತೊಡೆಯ ಮೇಲಿನ ಮಗುವಿನ ಮುಷ್ಟಿಯೊಳಗೆ ಅವರ ಸೆರಗು ಹಾಗೇ ಇತ್ತು. ಅವರು ಏಳಲಿಲ್ಲ.