ಕುರಿ ಒಪ್ಪಿದ ಪಿಕಪ್

ಹನ್ನೊಂದು ವರ್ಷ ಏಸಿ ರಿಪೇರಿ ಕೆಲಸಕ್ಕೆ ಓಡಿಸಿದ ಡೀಸೆಲ್ ಪಿಕಪ್ಪನ್ನು ಕುವೈತ್ ಬಿಟ್ಟು ಊರಿಗೆ ಹೊರಡುವ ವಾರ ಮಾರಬೇಕಾಯಿತು. ಯಂತ್ರಗಳನ್ನು ಹತ್ತಿಸಲೆಂದು ಹಿಂದುಗಡೆ ಒಂದು ಇಳಿಜಾರು ಹಲಗೆ ಕೂರಿಸಿದ್ದೆ. ಅದನ್ನು ನೋಡಿ ಶುವೈಖ್ ಪೇಟೆಯ ಹಳೆ ಗಾಡಿ ವ್ಯಾಪಾರಿಗಳೆಲ್ಲ ಬೇಡವೆಂದರು. ಕೊನೆಗೆ ಬಂದವರು ಕುರಿ ಸಾಕುವ ಒಬ್ಬ ವಯಸ್ಸಾದ ಕುವೈತಿ. ಮಗನ ಕಾರಿನಲ್ಲಿ ಒಂದು ಕುರಿಯನ್ನೂ ಕರೆತಂದಿದ್ದರು. ಅದು ತಾನಾಗಿಯೇ ಹಲಗೆ ಹತ್ತಿ ಹೋಗಿ ಪಿಕಪ್ಪಿನಲ್ಲಿ ಮಲಗಿಬಿಟ್ಟಿತು.

“ಖಲಾಸ್, ಮುಗಿಯಿತು, ಇವಳು ಒಪ್ಪಿದಳು,” ಎಂದರು ಆ ಹಿರಿಯರು.

ಕಾಗದಪತ್ರ ಮುಗಿದ ಮೇಲೆ ನನ್ನನ್ನು ರಿಗ್ಗೈ ಬಡಾವಣೆಯ ನನ್ನ ಮನೆಗೆ ಬಿಡಲು ಅವರೇ ಪಿಕಪ್ಪಿನ ಸ್ಟೇರಿಂಗ್ ಹಿಡಿದರು.

“ಬೇಜಾರಾ, ಭಾಯಿ?” ಎಂದು ಹರಕು ಹಿಂದಿಯಲ್ಲಿ ಕೇಳಿದರು.

ಹೌದೆಂದೆ. ಅವರು ಗಾಡಿಯ ವೇಗ ತಗ್ಗಿಸಿದರು.

ಚಾಲಕನ ಪಕ್ಕದ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಆ ಕಡೆಗೆ ತಂಪು ಗಾಳಿಯೇ ಬರುವುದಿಲ್ಲವೆಂದು ಅಲ್ಲಿ ಕೂರುತ್ತಿದ್ದ ಹೆಂಡತಿ ಅಷ್ಟು ವರ್ಷ ಹೇಳುತ್ತಿದ್ದದ್ದು ನಿಜವೇ ಆಗಿತ್ತು.