ಹಂಚಿನಲ್ಲಿ ಬೆಳೆದ ಬಸರಿ

ಮದುವೆಯಾದ ನಾಲ್ಕು ವರ್ಷದಲ್ಲಿ ನಾನು ಮೂರು ಊರಿನಲ್ಲಿ ಮಲ್ಲಿಗೆ ಬಳ್ಳಿ ಹಚ್ಚಿದೆ. ಮೂರೂ ಕಡೆ ಹೂವು ಮುಡಿದವರು ಬೇರೆಯವರು. ನಮ್ಮವರು ನಿಜಾಮ ಸರ್ಕಾರದ ಶಾಲೆಯಲ್ಲಿ ಮಾಸ್ತರು. ಅತನೂರಿರಲಿ, ಅಫಜಲಪುರವಿರಲಿ, ಮೊಗ್ಗು ಕಾಣಿಸುವ ಹೊತ್ತಿಗೆ ಸರಿಯಾಗಿ ಬೇರೆ ಊರಿಗೆ ಬದಲಿಯ ಕಾಗದ ಬರುತ್ತಿತ್ತು. ನಾನೋ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ಒಕ್ಕಲುತನದ ಮನೆಯವಳು. ಹಚ್ಚಿದ್ದನ್ನು ಬಿಟ್ಟುಹೋಗುವುದು ನಮಗೆ ಗೊತ್ತಿಲ್ಲ. ಪ್ರತಿ ಸಲ ಬಂಡಿ ಹತ್ತುವಾಗ ಅಳುತ್ತಿದ್ದೆ, ಅತ್ತದ್ದಕ್ಕೆ ಸಿಟ್ಟು ಬರುತ್ತಿತ್ತು, ಆ ಸಿಟ್ಟನ್ನೆಲ್ಲ ಅವರ ಮೇಲೆ ಸುರಿಯುತ್ತಿದ್ದೆ.

ಅಪ್ಪನಿಗೆ ನನಗಿಂತ ಹೆಚ್ಚು ಸಂಕಟ. ಭೂಮಿಯಿಲ್ಲದವನಿಗೆ ಮಗಳನ್ನು ಕೊಟ್ಟೆನಲ್ಲ ಅಂತ ಒಳಗೊಳಗೇ ಕೊರಗುತ್ತಿದ್ದ. ನಾವು ಆಳಂದಕ್ಕೆ ಬಂದಾಗ ನಮ್ಮವರ ಎದುರಿಗೇ ಹೇಳಿಬಿಟ್ಟ: “ಇನ್ನೊಂದು ಬದಲಿ ಆದ್ರ ನಾ ಬಂದು ಇಬ್ಬರನ್ನೂ ಕರಕೊಂಡ ಹೋಗಾವ. ನೌಕ್ರಿ ಬಿಡ್ರಿ. ಹೊಲ ಅದ, ಎತ್ತ ಅದಾವ.”

ನಮ್ಮವರು ತಲೆ ತಗ್ಗಿಸಿ ಕೂತರು. ಅವರಿಗೆ ಪಾಠ ಹೇಳುವುದು ಬಿಟ್ಟು ಬೇರೇನೂ ಬಾರದು. ಅವರು ನೇಗಿಲು ಹಿಡಿದರೆ ಎತ್ತುಗಳೇ ಅಯ್ಯೋ ಪಾಪ ಅನ್ನಬೇಕು. ಶಾಲೆ ಬಿಡಿಸಿದರೆ ಈ ಮನುಷ್ಯ ಸೊರಗಿಹೋಗುತ್ತಾರೆ ಅಂತ ನನಗೆ ಗೊತ್ತಿತ್ತು. ಹೀಗೆ ತಿರುಗುತ್ತಲೂ ನಾನು ಚೆನ್ನಾಗಿರಬಲ್ಲೆ ಅಂತ ಅಪ್ಪನಿಗೆ ತೋರಿಸಬೇಕಿತ್ತು. ತೊಂದರೆ ಏನೆಂದರೆ, ನಾನು ಚೆನ್ನಾಗಿರಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮವರು ಯಾರದೋ ಹಳೆಯ ಉರ್ದು ಮಾಸಿಕವೊಂದನ್ನು ಮನೆಗೆ ತಂದರು. ಅದರಲ್ಲಿ ಜಪಾನಿನ ಒಂದು ಚಿತ್ರ. ತಾಟಿನಂಥ ಕುಂಡದಲ್ಲಿ ಗೇಣುದ್ದದ ಮುದಿ ಮರ, ಬೆರಳು ಬಿಚ್ಚಿದ ಅಂಗೈಯಂಥ ಎಲೆಗಳು. ಆ ಎಲೆಗಳು ಕೆಂಪಗಿರುತ್ತವಂತೆ. ಗುಡ್ಡದಿಂದ ಕಿತ್ತು ತಂದು, ಬೇರು ಕತ್ತರಿಸಿ, ಟೊಂಗೆ ಬಗ್ಗಿಸಿ ಹೀಗೆ ಸಾಕುತ್ತಾರಂತೆ ಅಂತ ಓದಿ ಹೇಳಿದರು.

“ಇದೇನ್ ಗಿಡಾನ್ರಿ, ಉಪ್ಪಿನಕಾಯೇನ್ರಿ?” ಅಂತ ನಕ್ಕೆ.

“ಬಂಡಿಯೊಳಗ ಇಟಗೊಂಡು ಹೋಗಬಹುದಲ್ಲ” ಅಂದರು ಅವರು, ಚಿತ್ರದಿಂದ ಕಣ್ಣು ತೆಗೆಯದೆ.

ನನ್ನ ನಗೆ ಅಲ್ಲಿಗೇ ನಿಂತಿತು.

ಆ ಜಾತಿಯ ಗಿಡ ನಮ್ಮ ಕಡೆ ಎಲ್ಲಿಂದ ಬರಬೇಕು? ಆದರೆ ನೀರಿಗೆ ಹೋಗುವ ದಾರಿಯಲ್ಲಿ ಒಂದು ಹಾಳು ಬಾವಿ ಇತ್ತು, ಅದರ ಗೋಡೆಯ ಸಂದಿಯಲ್ಲಿ ಎರಡು ಬಸರಿ ಗಿಡ. ಎಷ್ಟೋ ವರ್ಷದಿಂದ ಅಲ್ಲೇ ಇದ್ದರೂ ಮೊಳದ ಮೇಲೆ ಬೆಳೆದಿರಲಿಲ್ಲ, ಬುಡ ಮಾತ್ರ ಹೆಬ್ಬೆರಳಿಗಿಂತ ದಪ್ಪ. ಬಸರಿಯ ಚಿಗುರೂ ಕೆಂಪೇ. ಕುಂಬಾರಗಿತ್ತಿಗೆ ಹೇಳಿ, ರೊಟ್ಟಿ ಸುಡುವ ಮಣ್ಣಿನ ಹಂಚಿಗಿಂತ ತುಸು ಆಳದ ಎರಡು ಹಂಚು ಮಾಡಿಸಿ, ತಳಕ್ಕೆ ತೂತು ಹಾಕಿಸಿದೆ. “ತೂತಿನ ಹಂಚಿನ್ಯಾಗ ರೊಟ್ಟಿ ಸುಡ್ತೀರೇನ್ರಿ ಅಕ್ಕೋರೆ?” ಅಂತ ಆಕೆ ಬಾಯಿ ತುಂಬ ನಕ್ಕಳು.

ಮಣ್ಣಿನ ವಿಷಯದಲ್ಲಿ ನಾನು ಯಾರನ್ನೂ ಕೇಳಲಿಲ್ಲ. ಅಪ್ಪನಿಗೆ ಹೇಳಿಕಳಿಸಿದೆ. ಅವನು ತಾನೇ ನಮ್ಮ ಹೊಲದ ಒಂದು ಚೀಲ ಎರಿ ಮಣ್ಣು ತಂದು ಅಂಗಳದಲ್ಲಿ ಇಳಿಸಿದ, ಕರಿ ಕಾಡಿಗೆಯಂಥದು. “ಇದರಾಗ ಕಲ್ಲ ಹಚ್ಚಿದ್ರೂ ಚಿಗರ್ತದ ಬೇ” ಅಂದ. ಮುಂಗಾರು ಹಿಡಿದು ಮಿರಗದ ಮಳೆಗೆ ಗೋಡೆ ನೆನೆದ ಮೇಲೆ ಎರಡೂ ಗಿಡ ಕಿತ್ತು ತಂದೆ. ಉದ್ದ ಬೇರುಗಳನ್ನು ಕುಡಗೋಲಿನಿಂದ ಕೊಯ್ದು, ಅಪ್ಪನ ಮಣ್ಣಿನಲ್ಲಿ ಹಚ್ಚಿ, ಟೊಂಗೆ ಬಗ್ಗಲಿ ಅಂತ ನೂಲಿನಲ್ಲಿ ಸಣ್ಣ ಹರಳು ಕಲ್ಲು ಕಟ್ಟಿ ಇಳಿಬಿಟ್ಟೆ. ನನಗೇ ನನ್ನ ಕೆಲಸ ನೋಡಿ ಹೆಮ್ಮೆ.

ಮಳೆಗಾಲದಲ್ಲಿ ಹಂಚಿನ ಮಣ್ಣು ರಾಡಿಯಾಗಿ ನಿಂತಿತು. ದಸರೆ ಹೊತ್ತಿಗೆ ಒಣಗಿ ಕಲ್ಲಾಗಿ, ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಒಂದು ಗಿಡದ ಎಲೆಯೆಲ್ಲ ಉದುರಿತು. ಕಿತ್ತು ನೋಡಿದರೆ ಬೇರು ಅರ್ಧ ಕೊಳೆತಿತ್ತು, ಅರ್ಧ ಹರಿದಿತ್ತು. ಇನ್ನೊಂದೂ ಹಳದಿಗೆ ತಿರುಗಿತ್ತು. ಪಕ್ಕದ ಮನೆಯವಳ ದೃಷ್ಟಿ ಅಂದೆ, ನಮ್ಮವರು ನೀರು ಹೆಚ್ಚು ಹಾಕಿದರು ಅಂದೆ. ಮಣ್ಣಿನ ಮೇಲೆ ಮಾತ್ರ ತಪ್ಪು ಹೊರಿಸಲಿಲ್ಲ.

ಗಡಿಗೆ ಮಾರಲು ಬಂದ ಕುಂಬಾರಗಿತ್ತಿ ನೋಡಿದಳು. ಈ ಸಲ ನಗಲಿಲ್ಲ.

“ಎರಿ ಮಣ್ಣಿಲೆ ನಾವು ಒಂದ್ ಗಡಿಗಿ ಸೈತ ಮಾಡಂಗಿಲ್ರಿ. ನೀರ್ ಕುಡದ್ರ ಉಬ್ಬತದ, ಒಣಗಿದ್ರ ಬಿರೀತದ. ಹೊಲದಾಗ ಬೇರಿಗಿ ಓಡಾಡಾಕ ಜಾಗಾ ಅದ. ಹಂಚಿನ್ಯಾಗ ಅದು ಎಲ್ಲಿಗಿ ಹೋಗಬೇಕ್ರಿ? ಗ್ವಾಡಿ ಸಂದ್ಯಾಗ ಹುಟ್ಟಿದ ಗಿಡ, ಗರಸು ಹಾಕ್ರಿ, ಇಟ್ಟಂಗಿ ಚೂರು ಹಾಕ್ರಿ.”

ಗರಸು! ದಾರಿಗೆ ಹಾಕುವ ಕೆಂಪು ಹರಳು ಮಣ್ಣು. ಗರಸಿನ ಹೊಲದವರ ಮನೆಗೆ ಹೆಣ್ಣು ಕೊಡಲು ನನ್ನ ತವರಿನವರು ಹಿಂದೆಮುಂದೆ ನೋಡುತ್ತಿದ್ದರು. ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ. ಮೂರನೆಯ ದಿನ ಉಳಿದ ಗಿಡದ ಬೇರಿನಿಂದ ಅಪ್ಪನ ಮಣ್ಣನ್ನು ತೊಳೆದೆ. ಒಳ್ಳೆಯ ಮಣ್ಣು ಬಚ್ಚಲಿನಲ್ಲಿ ಕರಗಿ ಹೋಗುವಾಗ ಅವನಿಗೆ ದ್ರೋಹ ಮಾಡುತ್ತಿದ್ದೇನೆ ಅನ್ನಿಸಿತು. ಆದರೂ ತೊಳೆದೆ, ಗರಸು ತುಂಬಿದೆ.

ಶಿವರಾತ್ರಿ ಕಳೆದ ಮೇಲೆ ಬಸರಿ ತುದಿತುದಿಯಲ್ಲೂ ಕೆಂಪಗೆ ಚಿಗುರಿತು. ಅದೇ ವಾರ ಜೇವರ್ಗಿಗೆ ಬದಲಿಯಾಯಿತು. ನಾನು ಅಳಲಿಲ್ಲ. ಹಂಚನ್ನು ತೊಡೆಯ ಮೇಲೆ ಇಟ್ಟುಕೊಂಡು, ಒದ್ದೆ ಬಟ್ಟೆ ಹೊದಿಸಿ ಬಂಡಿಯಲ್ಲಿ ಕೂತೆ. ಭೀಮಾ ದಾಟುವಾಗ ನಮ್ಮವರು ಇಳಿದು ಆ ಬಟ್ಟೆಯನ್ನು ಮತ್ತೆ ನೆನೆಸಿ ತಂದರು.

ಹದಿನೈದು ದಿನಕ್ಕೆ ಅಪ್ಪ, ಅಂದಿದ್ದ ಹಾಗೇ ನಮ್ಮನ್ನು ಕರೆದೊಯ್ಯಲು, ಖಾಲಿ ಬಂಡಿ ಕಟ್ಟಿಕೊಂಡು ಜೇವರ್ಗಿಗೆ ಬಂದ. ಬಾಗಿಲ ಪಕ್ಕದ ಹಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಿಗುರು ಮುಟ್ಟಿದ. ಆಮೇಲೆ ಚಿಟಿಕೆ ಮಣ್ಣು ತೆಗೆದು ಉಜ್ಜಿದ.

“ಇದು ನಮ್ಮ ಮಣ್ಣಲ್ಲ.”

ನಾನು ಇಷ್ಟು ದಿನ ಮುಚ್ಚಿಟ್ಟಿದ್ದೆ. ಇನ್ನು ಆಗಲಿಲ್ಲ. “ಅಪ್ಪಾ, ನಿನ್ನ ಮಣ್ಣಿನ್ಯಾಗ ಒಂದ್ ಗಿಡ ಸತ್ತದ. ಇದೂ ಸಾಯಾಕ ಬಂದಿತ್ತು. ಗರಸಿಗಿ ಹಚ್ಚಿದ ಮ್ಯಾಲ ಚಿಗರೇದ. ನಾ ಬರಂಗಿಲ್ಲಪಾ. ನಾ ಇಲ್ಲೇ ಚಲೋ ಅದೀನಿ.” ಹೇಳುತ್ತಿದ್ದ ಹಾಗೆ ಅದು ನಿಜ ಅಂತ ನನಗೇ ತಿಳಿಯಿತು.

ಅಪ್ಪ ಕೈಗಂಟಿದ ಗರಸು ತೊಳೆದ. ಉಂಡ, ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಬಂಡಿಯೂ ಇಲ್ಲ, ಅವನೂ ಇಲ್ಲ. ಹೇಳದೆ ಹೋದನಲ್ಲ ಅಂತ ಒಲೆಯ ಮುಂದೆ ಕೂತು ಅತ್ತೆ. ಹಿಟ್ಟು ನಾದಿದ್ದು ಹಾಗೇ ಒಣಗಿತು.

ಮಧ್ಯಾಹ್ನಕ್ಕೆ ಬಂಡಿಯ ಸದ್ದಾಯಿತು. ಅಪ್ಪನ ಬಿಳಿ ಧೋತರ ಮೊಣಕಾಲವರೆಗೆ ಕೆಂಪು ಧೂಳು. ಬಂಡಿಯಿಂದ ಒಂದು ಚೀಲ ಇಳಿಸಿ ಬಾಗಿಲ ಪಕ್ಕ ಇಟ್ಟ. ಬಿಚ್ಚಿ ನೋಡಿದೆ: ಗರಸು, ದಪ್ಪ ಕಲ್ಲೆಲ್ಲ ಆರಿಸಿ, ಜರಡಿಯಲ್ಲಿ ಜೋಳ ಸಾಣಿಸಿದಷ್ಟು ಹಸನಾಗಿ ಸಾಣಿಸಿದ್ದು.

“ಮಳಿಗಾಲಕ್ಕ ಹಂಚಿನ ಮಣ್ಣು ಬದಲಿಸಬೇಕಾಗ್ತದಲ್ಲ, ಇಟಗೋ” ಅಂದ. ಎತ್ತಿನ ಕೊರಳು ಸವರುತ್ತ, ನನ್ನ ಕಡೆ ನೋಡದೆ, ಇನ್ನೊಂದು ಮಾತು ಹೇಳಿದ: “ಮುಂದಿನ ಬದಲಿಗಿ ಬ್ಯಾರೆ ಬಂಡಿ ಹುಡಕಬ್ಯಾಡ್ರಿ. ಸುದ್ದಿ ಕಳಸ್ರಿ, ನಾನೇ ಬಂದು ಬಿಟ್ಟುಬರ್ತೇನಿ.”