ಇಮಾಸಳ ಹೆಗಲ ಮೇಲಿನ ಕೈ

ಫೋಟೋದಲ್ಲಿರುವ ಮನುಷ್ಯನನ್ನು ಅವನ ಹಿಂದಿನ ಗೋಡೆಯಿಂದ ಬಿಡಿಸಿ ತೆಗೆಯುವುದರಲ್ಲಿ ಬಾಂಡುಂಗಿನಲ್ಲಿ ಎಂಕುಸ್‌ನನ್ನು ಮೀರಿಸುವವರಿರಲಿಲ್ಲ. ಕ್ಯಾಸೆಟ್ಟುಗಳ ಕಾಲ ಅದು. ‘ಗೆಮಾ ಮುದಾ’ ಎಂಬ ಹಾಡಿನ ಮಾಸಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸ ಅವನದು, ಕರಡು ತಿದ್ದುವ ಕೆಲಸ ನನ್ನದು. ಇಬ್ಬರ ಮೇಜುಗಳೂ ಒಂದೇ ಕಿಟಕಿಯ ಕೆಳಗಿದ್ದವು. ತೆಳ್ಳನೆಯ ಬ್ಲೇಡು ಹಿಡಿದು ಅವನು ಹಾಡುಗಾರರ ಗಾಳಿಗೆ ಹಾರಿದ ಕೂದಲನ್ನು ಎಳೆ ಎಳೆಯಾಗಿ ಬಿಡಿಸುವಾಗ ನಾಲಗೆಯ ತುದಿ ತುಟಿಯಿಂದಾಚೆ ಬಂದಿರುತ್ತಿತ್ತು. ಆ ಹೊತ್ತಿನಲ್ಲಿ ನಾವು ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ.

ಅವನ ಅಪ್ಪ ಸಿನಿಮಾ ಮಂದಿರಗಳಿಗೆ ದೊಡ್ಡ ಬೋರ್ಡು ಬರೆಯುತ್ತಿದ್ದವರು. ನಾಯಕಿಯರ ಮುಖ ಅಪ್ಪನದು, ಹಿಂದಿನ ಆಕಾಶ ಮಗನದು. ಹಾಗೆ ಆಕಾಶ ಬಳಿಯುತ್ತ ಬೆಳೆದ ಎಂಕುಸ್ ಮುಂದೆ ಮದುವೆ ಮನೆಗಳ ವೇದಿಕೆಗೆ ಹೆಸರು ಕತ್ತರಿಸಿ ಅಂಟಿಸಲು ಹೋಗತೊಡಗಿದ. ಅಂಥದೊಂದು ಮದುವೆಯಲ್ಲಿ ಏಣಿಯಿಂದ ಜಾರಿ, ನೇರವಾಗಿ ಮದುಮಗಳ ಸಿಂಹಾಸನದ ಮೇಲೆ ಕೂತುಬಿಟ್ಟ. ಮೈಕಿನ ಮುಂದೆ ಹಾಡುತ್ತಿದ್ದ ಹುಡುಗಿ ತಲೆ ಹಿಂದಕ್ಕೆ ಚೆಲ್ಲಿ, ಒಂದು ಕಣ್ಣು ಮುಚ್ಚಿ ನಕ್ಕಳು. ನಕ್ಕು ನಕ್ಕು ಹಾಡು ಪೂರ್ತಿ ಮಾಡಲಾಗಲಿಲ್ಲ. ಅವಳೇ ಇಮಾಸ್. ಅವಳನ್ನು ಮದುವೆಯಾದ ಮೇಲೂ ಅವನು ಆ ಕಥೆಯನ್ನು ಎಲ್ಲರಿಗೂ ಹೇಳುತ್ತಿದ್ದ. ಬಿದ್ದದ್ದನ್ನು ಬೇಗ ಮುಗಿಸಿ, ನಕ್ಕದ್ದನ್ನು ನಿಧಾನವಾಗಿ ಹೇಳುತ್ತಿದ್ದ.

ಆಮೇಲೆ ಇಮಾಸ್ ‘ಅಂಗಿನ್ ಲೆಂಬಾಂಗ್’ ಎಂಬ ಬ್ಯಾಂಡಿಗೆ ಸೇರಿದಳು. ಹಾಡು ಕಟ್ಟುವವನು ಸೋಲೋ ಊರಿನ ಹರ್ಯೋ, ಗಿಟಾರ್ ವಾದಕ. ಉದ್ದ ಕೂದಲು, ಮೆಲು ಮಾತು. ಅವನು ಜಾವಾ ಭಾಷೆಯವನಾದ್ದರಿಂದ ಇಮಾಸ್ ಅವನನ್ನು ಅವರ ರೀತಿಯಲ್ಲಿ ‘ಮಾಸ್’ ಎನ್ನುತ್ತಿದ್ದಳು, ಗಂಡನನ್ನು ನಮ್ಮ ಸುಂದಾ ರೀತಿಯಲ್ಲಿ ‘ಕಾಂಗ್’ ಎನ್ನುತ್ತಿದ್ದಳು. ಎರಡಕ್ಕೂ ಅಣ್ಣ ಎಂದೇ ಅರ್ಥ, ಗಂಡನನ್ನೂ ಹಾಗೇ ಕರೆಯುವುದು ರೂಢಿ. ಆದರೆ ಎಂಕುಸ್ ಒಮ್ಮೆ ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ, ತಾನು ಚೆಯು, ಅಂದರೆ ಅಕ್ಕ, ಎಂದು ಕರೆಯುವ ನನ್ನನ್ನು ಕೇಳಿದ, “ಚೆಯು, ಮಾಸ್ ಅನ್ನೋವಾಗ ಅವಳ ದನಿ ಸ್ವಲ್ಪ ಇಳಿಯುತ್ತಲ್ವಾ?”

“ಜಾವಾದವರ ಮಾತೇ ಹಾಗಪ್ಪ, ಮೆತ್ತಗೆ” ಎಂದೆ.

“ಅವಳು ಜಾವಾದವಳಲ್ಲವಲ್ಲ” ಎಂದ.

ಬ್ಯಾಂಡಿನ ಮೊದಲ ಕ್ಯಾಸೆಟ್ಟು ‘ಲಾಂಪು ಮಿನ್ಯಾಕ್’. ಅದರ ಧ್ವನಿಮುದ್ರಣ ಮುಗಿದ ದಿನ ಸ್ಟುಡಿಯೊದಲ್ಲಿ ಊಟವಿಟ್ಟುಕೊಂಡಿದ್ದರು. ಬೆಟ್ಟದ ಕಡೆಯ ಹಳೇ ಡಚ್ಚರ ಮನೆಯೊಂದು ಆ ಸ್ಟುಡಿಯೊ. ನಡುವೆ ಬಾಳೆ ಎಲೆಯ ಮೇಲೆ ಅರಿಶಿನ ಅನ್ನದ ಗೋಪುರ, ಸುತ್ತ ಕೋಳಿ, ಮೊಟ್ಟೆ, ಹುರಿದ ತೆಂಪೆ. ಇಂಥ ಊಟದಲ್ಲಿ ಗೋಪುರದ ತುದಿ ಕತ್ತರಿಸಿ ಮೊದಲು ಯಾರ ತಟ್ಟೆಗೆ ಹಾಕುತ್ತಾರೋ, ಆ ದಿನದ ಗೌರವ ಅವರದು. ಕ್ಯಾಸೆಟ್ಟಿಗೆ ಹಣ ಹಾಕಿದ ಕೋ ಹಿಯಾನ್ ಚಾಕುವನ್ನು ಇಮಾಸಳ ಕೈಗೆ ಕೊಟ್ಟು, “ಹಾಡಿದೋಳು ನೀನು. ನಿನ್ನ ಮನಸ್ಸಲ್ಲಿ ಯಾರಿದಾರೋ ಅವರಿಗೆ ಹಾಕಮ್ಮ” ಎಂದರು.

ಎಂಕುಸ್ ಇಸ್ತ್ರಿ ಮಾಡಿದ ಬಾತಿಕ್ ಅಂಗಿ ತೊಟ್ಟು ಮುಂದೆಯೇ ನಿಂತಿದ್ದ. ತಟ್ಟೆಯನ್ನು ಕೊಂಚ ಮುಂದೆ ಚಾಚಿದ. ಇಮಾಸ್ ಆ ತಟ್ಟೆಯನ್ನು ದಾಟಿ ಹೋಗಿ ಗೋಪುರದ ತುದಿಯನ್ನು ಹರ್ಯೋನ ತಟ್ಟೆಗೆ ಇಳಿಸಿದಳು.

“ಹಾಡೆಲ್ಲ ಕಟ್ಟಿದ್ದು ಮಾಸ್ ಹರ್ಯೋ. ತುದಿ ಅವ್ರದ್ದೇ.”

ಚಪ್ಪಾಳೆ ಬಿತ್ತು. ಡ್ರಮ್ ಬಾರಿಸುವ ಓಮಾನನ ಬಾಯಿ ಸುಮ್ಮನಿರುವಂಥದ್ದಲ್ಲ. “ಕಾಂಗ್, ತಟ್ಟೆ ಹಾಗೇ ಹಿಡ್ಕೊಂಡಿರಿ. ಬುಡ ಪೂರ್ತಿ ನಿಮಗೇ ಉಳಿದಿದೆ!” ಎಂದ. ಎಲ್ಲರೂ ನಕ್ಕರು, ಎಂಕುಸ್ ಕೂಡ. ಬುಡದ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡ.

ಮನೆಗೆ ಹೋಗುವ ದಾರಿಯಲ್ಲಿ ಇಮಾಸ್, “ಯಾಕೆ ಮಾತಿಲ್ಲ?” ಎಂದು ಕೇಳಿದಳಂತೆ. “ಹಲ್ಲಲ್ಲಿ ಕೋಳಿ ಸಿಕ್ಕಿದೆ” ಎಂದನಂತೆ. ಇದನ್ನು ಅವಳೇ ನನಗೆ ಹೇಳಿದ್ದು.

ಆ ವಾರವೇ ಜಾಹೀರಾತಿನ ಕೆಲಸ ಬಂತು. ನಮ್ಮ ಪತ್ರಿಕೆಯಲ್ಲಿ ಇಡೀ ಒಂದು ಪುಟ. ಮೇಲೆ ಕ್ಯಾಸೆಟ್ಟಿನ ಹೆಸರು, ಕೆಳಗೆ ಹಾಡುಗಳ ಪಟ್ಟಿ, ನಡುವೆ ಬ್ಯಾಂಡಿನವರ ದೊಡ್ಡ ಫೋಟೋ. ಕೋ ಹಿಯಾನ್ ಕಳಿಸಿದ ಫೋಟೋವನ್ನು ಎಂಕುಸ್ ಲಕೋಟೆಯಿಂದ ಹೊರಗೆ ಎಳೆದ. ಅರ್ಧ ಎಳೆದು ಕೈ ನಿಲ್ಲಿಸಿದ. ಒಂದು ಕಡೆ ಬೇಸ್ ಗಿಟಾರ್ ನುಡಿಸುವವನು, ಇನ್ನೊಂದು ಕಡೆ ಓಮಾನ್, ಮಧ್ಯೆ ಒಬ್ಬರಿಗೊಬ್ಬರು ಒತ್ತಿಕೊಂಡು ಹರ್ಯೋ ಮತ್ತು ಇಮಾಸ್. ಹರ್ಯೋ ಏನೋ ಹೇಳಿ ಮುಗಿಸಿದ್ದಾನೆ. ಇಮಾಸ್ ಅವನ ಕಡೆ ತಿರುಗಿ, ತಲೆ ಹಿಂದಕ್ಕೆ ಚೆಲ್ಲಿ, ಒಂದು ಕಣ್ಣು ಮುಚ್ಚಿ ನಗುತ್ತಿದ್ದಾಳೆ.

“ಚೆನ್ನಾಗಿ ಬಂದಿದೆ ಕಣೋ” ಎಂದೆ.

“ಬೆಳಕು ಜಾಸ್ತಿಯಾಗಿದೆ ಚೆಯು.”

ಮೊದಲ ದಿನ ಅವನು ಉಜ್ಜಿದರೆ ಅಂಟುವ ಅಕ್ಷರಗಳನ್ನಷ್ಟೇ ಪುಟದಲ್ಲಿ ಕೂರಿಸಿದ. ಮರುದಿನ ನಾಲ್ವರನ್ನೂ ಗೋಡೆಯಿಂದ ಬಿಡಿಸಿದ. ಸಾಮಾನ್ಯವಾಗಿ ಗುಂಪನ್ನು ಗುಂಪಾಗಿಯೇ ಕತ್ತರಿಸುತ್ತಾರೆ. ಎಂಕುಸ್ ಬ್ಲೇಡನ್ನು ಇಬ್ಬರ ನಡುವೆ ಇಳಿಸಿದ. ಹರ್ಯೋನನ್ನು ಬೆರಳಿನಷ್ಟು ಪಕ್ಕಕ್ಕೆ ಸರಿಸಿದ. ದೂರ ನಿಂತು ನೋಡಿದ. ಅಂಟು ಒಣಗುವ ಮೊದಲೇ ಮತ್ತೆ ಎತ್ತಿ ಇನ್ನೊಂದು ಬೆರಳು ಸರಿಸಿದ. ನಡುವೆ ಬಿಳಿ ಜಾಗ ಬಂದಷ್ಟೂ ಅವನಿಗೆ ಉಸಿರಾಟ ಸಲೀಸಾದಂತೆ ಕಂಡಿತು. ಆದರೆ ಹೊಟ್ಟೆಕಿಚ್ಚಿಗೆ ಅಳತೆಪಟ್ಟಿ ಎಲ್ಲಿದೆ? ಊಟಕ್ಕೆ ಹೋದವನು ಕರಿದ ಬಾಲಾ-ಬಾಲಾ ಬಜ್ಜಿಯನ್ನು ಕೈಯಲ್ಲೇ ಹಿಡಿದುಕೊಂಡು ಅರ್ಧಕ್ಕೇ ಎದ್ದು ಬಂದ. ಸಂಜೆಯ ಹೊತ್ತಿಗೆ ಹರ್ಯೋ ಓಮಾನನನ್ನೂ ದಾಟಿ ಪುಟದ ಅಂಚಿಗೆ ಹೋಗಿ ನಿಂತಿದ್ದ. ಚಾಚಿಕೊಂಡಿದ್ದ ಅವನ ತೋಳನ್ನು ಓಮಾನನ ಬೆನ್ನ ಹಿಂದೆ ತೂರಿಸಿ ಮುಚ್ಚಿದ್ದಾಯಿತು.

ನೋಡಲು ಬಂದ ಕೋ ಹಿಯಾನ್, “ಇವನ್ಯಾಕೆ ಅಲ್ಲಿಗೆ ಹೋದ?” ಎಂದರು.

“ಎತ್ತರದೋನು ತುದೀಲಿದ್ರೆ ಪುಟ ತೂಗುತ್ತೆ, ಕೋ.”

“ನೀನು ಹೇಳಿದ್ಮೇಲೆ ಸರಿ, ಕುಸ್.”

ಪುಟ ಅಚ್ಚಿಗೆ ಹೋಯಿತು. ನಾನೂ ನೋಡಿದ್ದೆ. ಕರಡು ತಿದ್ದುವವರು ಅಕ್ಷರ ನೋಡುತ್ತಾರೆಯೇ ಹೊರತು ಹೆಗಲು ನೋಡುವುದಿಲ್ಲ.

ಸಂಚಿಕೆ ಅಂಗಡಿಗೆ ಹೋದ ದಿನವೇ ಕಚೇರಿಯ ಫೋನು ಹೊಡೆದುಕೊಳ್ಳತೊಡಗಿತು. ಮೊದಲು ಮಾತಾಡಿದವಳು ಒಬ್ಬ ಶಾಲೆ ಹುಡುಗಿ. “ಇಮಾಸಕ್ಕನ ಹೆಗಲ ಮೇಲೆ ಕೈ ಇದೆಯಲ್ಲ, ಅದು ಯಾರದು?” ನಾನು ಪುಟ ತೆರೆದೆ. ಇಮಾಸಳ ಆಚೆ ಹೆಗಲ ಮೇಲೆ ನಾಲ್ಕು ಬೆರಳು. ಹರ್ಯೋ ಅವಳ ಬೆನ್ನ ಹಿಂದಿನಿಂದ ತೋಳು ಹಾಕಿ ಹೆಗಲು ಹಿಡಿದಿದ್ದ. ಎಂಕುಸ್ ಆ ಮನುಷ್ಯನನ್ನು ಕಿತ್ತು ಒಯ್ದಿದ್ದ, ಬೆರಳುಗಳು ಹೆಂಡತಿಯ ಜೊತೆ ಉಳಿದುಬಿಟ್ಟಿದ್ದವು. ಕತ್ತರಿಸುವಾಗ ಅವನ ಕಣ್ಣು ಪೂರ್ತಿ ಆ ನಗುವಿನಲ್ಲೇ ಇತ್ತು. ಜೊತೆಗಿದ್ದಾಗ ಯಾರ ಕಣ್ಣಿಗೂ ಬೀಳದ ಕೈ ಈಗ ಊರಿಗೆಲ್ಲ ಕಾಣುತ್ತಿತ್ತು.

ಎಂಕುಸ್ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.

“ಹೆಗಲು ಹಿಡಿದಿದಾನೆ” ಎಂದ. ತನ್ನ ತಪ್ಪಿನ ಬಗ್ಗೆ ಒಂದು ಮಾತೂ ಬರಲಿಲ್ಲ. “ನೋಡಿ ಚೆಯು, ನಾಲ್ಕೂ ಬೆರಳು. ಸುಮ್ನೆ ಇಟ್ಟಿದ್ದಲ್ಲ, ಹಿಡಿದಿರೋದು.”

ಆದರೆ ನಮ್ಮ ಊರಿನವರಿಗೆ ಕೈಯ ಒಡೆಯನನ್ನು ಹುಡುಕುವ ಕಷ್ಟವೇ ಬೀಳಲಿಲ್ಲ. ಹಳೇ ಡಚ್ಚರ ಮನೆಯಲ್ಲಿ ತೆಗೆದ ಫೋಟೋ, ಹೆಗಲ ಮೇಲೆ ಮೈಯಿಲ್ಲದ ಕೈ. ಇನ್ನೇನು ಬೇಕು? ಆ ಮನೆಯ ಬಾವಿಯಲ್ಲಿ ಬಿದ್ದು ಸತ್ತ ಡಚ್ ಹುಡುಗಿಯ ಕೈ ಎಂದು ಕೆಲವರು. ಫೋಟೋ ತೆಗೆದದ್ದು ಶುಕ್ರವಾರ ಕ್ಲಿವೊನ್ ದಿನ, ದೆವ್ವಗಳು ಅಡ್ಡಾಡುವ ದಿನ, ಎಂದು ಇನ್ನು ಕೆಲವರು. ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ಆ ಹುಡುಗಿ ನಿಟ್ಟುಸಿರು ಬಿಡುವುದು ಕೇಳುತ್ತದೆ ಎಂಬ ಸುದ್ದಿ ಹುಟ್ಟಿದ ಮೇಲಂತೂ ಅಂಗಡಿಗಳಲ್ಲಿ ‘ಲಾಂಪು ಮಿನ್ಯಾಕ್’ ಸಿಗದಂತಾಯಿತು. ಶುಂಠಿ ಬಂದ್ರೆಕ್ ಮಾರುವವಳು ಕೂಡ ಎಂಕುಸ್‌ಗೆ ಲೋಟ ಕೊಡುವಾಗ, “ನೀವು ಆ ಫೋಟೋ ಮುಟ್ಟಿದೀರಂತೆ, ಲೋಟ ಕೆಳಗಿಟ್ಟಿದೀನಿ, ತಗೊಳ್ಳಿ” ಎಂದು ದೂರ ಸರಿದಳು.

ಕೋ ಹಿಯಾನ್ ಬಾಳೆಹಣ್ಣಿನ ಬೋಲೆನ್ ಪೊಟ್ಟಣ ಹಿಡಿದು ಕುಣಿಯುತ್ತ ಬಂದರು. “ಕುಸ್! ಮುಂದಿನ ಸಂಚಿಕೆಗೂ ಇದೇ ಪುಟ. ಆ ಕೈ ಮುಟ್ಟಬೇಡ, ಬೇಕಾದ್ರೆ ಇನ್ನೂ ಕಪ್ಪು ಮಾಡು. ಸುರಬಾಯಾವರೆಗೂ ಊರೂರಿಂದ ಕರೀತಿದಾರೆ. ಎರಡು ತಿಂಗಳು, ಒಂದೇ ಬಸ್ಸು, ಎಲ್ಲರೂ ಜೊತೇಲಿ!”

ಎಂಕುಸ್ ಬೋಲೆನ್ ಕೈಗೆ ತೆಗೆದುಕೊಂಡ, ತಿನ್ನಲಿಲ್ಲ. ಪುಟದಲ್ಲಿ ಅಷ್ಟು ದೂರ ಮಾಡಿದವರನ್ನು ತಾನೇ ಒಂದು ಬಸ್ಸಿಗೆ ಹತ್ತಿಸಿದ್ದು ಅವನಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು.

ಅಷ್ಟರಲ್ಲಿ ಇಮಾಸ್ ಮನೆ ಬಿಟ್ಟು ಪಕ್ಕದೂರು ಚಿಮಾಹಿಯಲ್ಲಿದ್ದ ತಾಯಿಯ ಮನೆಗೆ ಹೋಗಿಯಾಗಿತ್ತು. ಪುಟ ನೋಡಿದ ದಿನವೇ ಹೋಗಿದ್ದಳು. ಕೈ ಹೇಗೆ ಒಂಟಿಯಾಯಿತೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಒಂದು ವಾರ ಕಳೆದು ಮಧ್ಯಾಹ್ನ ಕಚೇರಿಗೆ ಬಂದಳು. ನಾನು ಏಳಹೋದೆ. “ಕೂತ್ಕೊಳ್ಳಿ ಚೆಯು. ಊರೆಲ್ಲ ನೋಡಾಗಿದೆ, ನೀವೊಬ್ರು ಕೇಳಿಸಿಕೊಂಡ್ರೆ ಏನಾಗುತ್ತೆ?” ಎಂದಳು. ಪತ್ರಿಕೆಯನ್ನು ಗಂಡನ ಮುಂದೆ ಹರವಿದಳು.

“ಯಾಕೆ ಕಾಂಗ್?”

ಎಂಕುಸ್ ಉತ್ತರದ ಬದಲು ಬೆರಳಿಟ್ಟು ತೋರಿಸಿದ. “ಇದು ಯಾಕೆ?”

“ಫೋಟೋದವನು ಹತ್ತಿರ ನಿಲ್ಲಿ ಅಂದ. ಮಾಸ್ ಹರ್ಯೋ ಕೈ ಇಟ್ರು.”

“ನಿನಗೆ ಗೊತ್ತಾಗ್ಲಿಲ್ವಾ?”

“ಮೊದ್ಲು ಗೊತ್ತಾಯ್ತು. ಆಮೇಲೆ ಮರ್ತೆ.”

“ಹೇಗೆ ಮರೀತಾರೆ?”

“ಹಾಡೋರು ಮರೀತಾರೆ. ಮೈಮೇಲೆ ಏನಿದೆ ಅಂತ ನೆನಪಿಟ್ಕೊಂಡು ಹಾಡಕ್ಕಾಗಲ್ಲ.” ಅವಳ ದನಿ ಏರಲಿಲ್ಲ. “ನಾನು ಕೈ ವಿಷಯಕ್ಕೆ ಬಂದಿಲ್ಲ. ಇಲ್ಲಿ ನೋಡಿ. ನನ್ನ ಮುಖ ನೋಡಿ.”

ಎಂಕುಸ್ ನೋಡಿದ. ನಾನೂ ಕತ್ತು ಚಾಚಿದೆ. ಇಮಾಸ್ ತಲೆ ಚೆಲ್ಲಿ ನಗುತ್ತಿದ್ದಳು, ಪಕ್ಕದಲ್ಲಿ ಬರೀ ಬಿಳಿ ಕಾಗದ.

“ಯಾರೂ ಇಲ್ಲದ ಕಡೆ ನೋಡಿ ಒಬ್ಬಳೇ ನಗ್ತಿದೀನಿ, ಹುಚ್ಚಿ ಥರ. ಅವ್ರನ್ನ ದೂರ ಮಾಡಿದ್ರಿ, ಸರಿ. ನನ್ನನ್ನ ಯಾಕೆ ಹೀಗೆ ಒಬ್ಬಳೇ ಬಿಟ್ರಿ?”

ಎಂಕುಸ್ ಪುಟದ ಅಂಚನ್ನು ಬೆರಳಿನಿಂದ ಸವರಿದ. “ಆ ನಗು...” ಎಂದ. “ಅದು ನನ್ನದು ಅಂದ್ಕೊಂಡಿದ್ದೆ.”

“ನಗು ನಂದು ಕಾಂಗ್.”

ಹೊರಗೆ ಸೈಕಲ್ ರಿಕ್ಷಾದವನು ಯಾರೊಡನೆಯೋ ಬಾಡಿಗೆಗೆ ಜಗಳವಾಡುತ್ತಿದ್ದ. ಇಮಾಸ್ ಪತ್ರಿಕೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

“ಫೋಟೋದಲ್ಲಿ ಇದ್ದ ಹಾಗೇ ಮತ್ತೆ ಅಂಟಿಸಿ” ಎಂದಳು ಇಮಾಸ್. “ಬೇರೆ ಪ್ರಿಂಟು ತರಿಸಬೇಡಿ. ಕತ್ತರಿಸಿದ ನೀವೇ, ಅದೇ ಕೈಯಿಂದ ಅಂಟಿಸಿ. ನಾನು ಬಸ್ಸಿಗೆ ಹೋಗ್ತೀನಿ, ಹೋಗಲೇಬೇಕು. ವಾಪಸ್ಸು ಬಂದಾಗ ಬಾಂಡುಂಗಲ್ಲಿ ಇಳೀಬೇಕಾ ಚಿಮಾಹಿಗೇ ಹೋಗ್ಬೇಕಾ ಅನ್ನೋದು ನಿಮ್ಮ ಕೈಲಿದೆ.”

“ಕೋ ಹಿಯಾನ್ ಒಪ್ಪಲ್ಲ. ಅವರಿಗೆ ದೆವ್ವ ಬೇಕು.”

“ಅವರಿಗೆ ನಾನು ಹೇಳ್ತೀನಿ. ಹಾಡೋದು ನಾನು, ದೆವ್ವ ಅಲ್ಲ.”

ಎಂಕುಸ್ ಪುಟ ಅಂಟಿಸಿದ್ದ, ಅಚ್ಚಿಗೆ ಹೋಗಿ ಬಂದ ಹಲಗೆಯನ್ನು ಕಪಾಟಿನಿಂದ ಇಳಿಸಿದ. ಅಂಟು ಬಿಡಿಸುವ ಬೆನ್ಜೀನ್ ಸವರಿ ಮೊದಲು ಓಮಾನನನ್ನು ಎತ್ತಿದ, ಆಮೇಲೆ ಹರ್ಯೋನನ್ನು. ಓಮಾನನ ಕೆಳಗೆ ಮುಚ್ಚಿಟ್ಟಿದ್ದ ತೋಳು ಹಾಗೆಯೇ ಇತ್ತು. ಬ್ಲೇಡಿನ ತುದಿಯ ಮೇಲೆ ಹರ್ಯೋ ಕಿಟಕಿಯ ಗಾಳಿಗೆ ಅಲುಗಿದ. ಒಂದು ಕ್ಷಣ ಎಂಕುಸ್ ಅವನ ಮುಖವನ್ನೇ ದಿಟ್ಟಿಸಿದ. ಆ ನೋಟದಲ್ಲಿ ಸ್ನೇಹವೇನೂ ಇರಲಿಲ್ಲ. ಹೊಸ ಅಂಟು ಬಳಿದ. ಹರ್ಯೋನನ್ನು ತಂದು ಇಮಾಸಳ ಪಕ್ಕ ಕೂರಿಸಿದ. ಇಬ್ಬರ ನಡುವೆ ಒಂದು ಬಿಳಿ ಗೆರೆ ಉಳಿಯಿತು.

ಇಮಾಸ್ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಇನ್ನೂ ಹತ್ತಿರ.”

ಅವನು ಸರಿಸಿದ. ನಾಲಗೆಯ ತುದಿ ತುಟಿಯಾಚೆ ಬಂದಿತ್ತು.

“ಇನ್ನೊಂದು ಕೂದಲಷ್ಟು.”

“ನೆಂಗ್...” ಎಂದ, ಹೆಂಡತಿಯನ್ನು ಮುದ್ದಿನಿಂದ ಕರೆದು.

“ಅವರು ಅಷ್ಟೇ ಹತ್ತಿರ ಇದ್ರು ಕಾಂಗ್. ಅದಕ್ಕಿಂತ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.”

ಎಂಕುಸ್ ಉಸಿರು ಬಿಗಿಹಿಡಿದು ಹೆಬ್ಬೆರಳಿನಿಂದ ಒತ್ತಿ ತಳ್ಳಿದ. ಬಿಳಿ ಗೆರೆ ಮುಚ್ಚಿಕೊಂಡಿತು. ತೋಳು ಬೆನ್ನ ಹಿಂದೆ ಹೋಯಿತು, ಬೆರಳುಗಳಿಗೆ ಮನುಷ್ಯ ಸಿಕ್ಕಿದ, ನಗುವಿಗೆ ಎದುರಿಗೊಬ್ಬರು ಸಿಕ್ಕರು. ಅವನ ಕಿವಿಗಳು ಕೆಂಪಾಗಿದ್ದವು. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಅದು ಎಲ್ಲಿಗೆ ಹೋದೀತು?

ಇಮಾಸ್ ಬಹಳ ಹೊತ್ತು ನೋಡಿದಳು. ಆಮೇಲೆ ಚೀಲ ಎತ್ತಿಕೊಂಡು ಬಾಗಿಲ ತನಕ ಹೋಗಿ ನಿಂತಳು.

“ಮನೇಲಿ ರಾತ್ರಿಗೆ ಅಕ್ಕಿ ಇದ್ಯಾ?”

“ಇದೆ” ಎಂದ ಎಂಕುಸ್, ತಲೆ ಎತ್ತದೆ. ಅಂಟು ಒಣಗುವವರೆಗೂ ಅವನು ಆ ಜಾಗದಿಂದ ಹೆಬ್ಬೆರಳು ತೆಗೆಯಲಿಲ್ಲ.